ಮಂಡ್ಯಕ್ಕೆ ಹದಿನೈದು ಬೈಟ್

ಮೈಸೂರಿನ ದೊಡ್ಡ ಗ್ರಂಥಾಲಯವೊಂದರ ಕಂಪ್ಯೂಟರಿನಲ್ಲಿ ‘ಮಂಡ್ಯ’ ಎಂದು ಹುಡುಕಿದರೆ ಪುಸ್ತಕವಿಲ್ಲ ಎಂಬ ಉತ್ತರ ಬರಬಹುದು, ಪುಸ್ತಕ ಕಪಾಟಿನಲ್ಲೇ ಇದ್ದರೂ! ದಾಖಲೆಯಲ್ಲಿ ಕೂತಿರುವುದು ‘ಮ೦ಡ್ಯ’. ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದರಲ್ಲಿರುವುದು ಅನುಸ್ವಾರ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 3202. ಎರಡನೆಯದರಲ್ಲಿರುವುದು ಸೊನ್ನೆ ಅಂಕಿ, 3302. ಬರೀ ಸಂಖ್ಯೆ ನೋಡಿ ಅಕಾರಾದಿ ಜೋಡಿಸುವ ತಂತ್ರಾಂಶವಾದರೆ ಈ ಮಂಡ್ಯ ‘ಮ’ಕಾರದ ಕಟ್ಟಕಡೆಗೆ ಹೋಗಿ ಬೀಳುತ್ತದೆ.

ಯೂನಿಕೋಡಿನ ‘ನಾರ್ಮಲೈಸೇಶನ್’ ಇದನ್ನು ಸರಿಪಡಿಸುವುದಿಲ್ಲ. ‘ಕೊ’ದ ಒತ್ವವನ್ನು ಒಬ್ಬರು ಒಂದೇ ಚಿಹ್ನೆಯಾಗಿ, ಇನ್ನೊಬ್ಬರು ಎತ್ವ ಮತ್ತು ಊಕಾರದ ಕೊಂಬು ಎಂದು ಬಿಡಿಸಿ ದಾಖಲಿಸಿದ್ದರೆ ಅದನ್ನು ಒಂದು ಮಾಡುವುದಷ್ಟೇ ಅದರ ಕೆಲಸ. ಸೊನ್ನೆಗೆ ನಾವೇ ನಿಯಮ ಬರೆಯಬೇಕು: ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನು ಅನುಸ್ವಾರವೆಂದೇ ಓದು. ಈ ನಿಯಮ ದಾಖಲೆಗೂ ಬೇಕು, ಓದುಗರು ಟೈಪ್ ಮಾಡಿದ ಪದಕ್ಕೂ ಬೇಕು. ಒಂದು ಕಡೆ ಮಾತ್ರ ಹಾಕಿದರೆ ಹೊಂದಿಕೆ ಮತ್ತೆ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಅನಾಹುತ ದಾಖಲೆಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಆಗುತ್ತದೆ. ಗ್ರಂಥಾಲಯಗಳು ಪುಸ್ತಕದ ವಿವರ ಬರೆದಿಡುವ ‘ಮಾರ್ಕ್ 21’ ನಮೂನೆಯ ದಾಖಲೆಯಲ್ಲಿ ಮೊದಲ 24 ಬೈಟ್ ‘ಲೀಡರ್’, ಅಂದರೆ ದಾಖಲೆಯ ತಲೆಭಾಗ. ಆಮೇಲೆ ಪ್ರತಿ ಫೀಲ್ಡಿಗೂ (ಶೀರ್ಷಿಕೆ, ಲೇಖಕರ ಹೆಸರಿನಂಥ ಒಂದೊಂದು ವಿವರಕ್ಕೂ) 12 ಬೈಟ್‌ಗಳ ವಿಳಾಸ: ಫೀಲ್ಡ್ ಸಂಖ್ಯೆಗೆ 3, ಉದ್ದಕ್ಕೆ 4, ಶುರುವಾಗುವ ಜಾಗಕ್ಕೆ 5. ಉದ್ದವನ್ನು ಬೈಟ್‌ನಲ್ಲಿ ಎಣಿಸಬೇಕು. ‘ಮಂಡ್ಯ’ ಕಣ್ಣಿಗೆ ಎರಡಕ್ಷರ, ಯೂನಿಕೋಡಿನಲ್ಲಿ ಐದು ಸಂಕೇತ (ಮ, ಅನುಸ್ವಾರ, ಡ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ಯ), ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ 15 ಬೈಟ್. ಅಕ್ಷರಕ್ಕೊಂದು ಬೈಟ್ ಎಂಬ ಇಂಗ್ಲಿಷಿನ ಅಭ್ಯಾಸಬಲದಿಂದ ಐದು ಎಂದೇ ಎಣಿಸಿದ ತಂತ್ರಾಂಶ 245ನೇ ಫೀಲ್ಡಿನ ಶೀರ್ಷಿಕೆಯನ್ನು ನಡುವೆಯೇ ತುಂಡರಿಸುತ್ತದೆ, ಮುಂದಿನ ಫೀಲ್ಡುಗಳೆಲ್ಲ ಜಾಗ ತಪ್ಪುತ್ತವೆ.

ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟ್‌ಗಳ ದತ್ತಾಂಶವಿದ್ದರೆ ‘ಕರ್ನಾಟಕ’ದಂಥ ಪದಗಳನ್ನು ಮೊದಲು ನೋಡಿ. ಅಲ್ಲಿ ಅರ್ಕಾವತ್ತು ‘ನಾ’ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ಪದವೇ ಕೆಡುತ್ತದೆ.

ಅಕ್ಷರ ಸರಿಹೋದ ಮೇಲೆ ಹೆಸರಿನ ಸರದಿ. ಮಾನಸಗಂಗೋತ್ರಿಯ ಕನಸು ಕಂಡ ಕುವೆಂಪು ಒಂದು ಪುಸ್ತಕದಲ್ಲಿ ಕುವೆಂಪು, ಇನ್ನೊಂದರಲ್ಲಿ ಕೆ.ವಿ. ಪುಟ್ಟಪ್ಪ. ಒಬ್ಬ ಲೇಖಕರ ಹೆಸರಿನ ಎಲ್ಲ ರೂಪಗಳನ್ನೂ ಒಂದೆಡೆ ಕೂಡಿಸಿಡುವ ‘ಅಥಾರಿಟಿ’ ದಾಖಲೆಯ 100ನೇ ಫೀಲ್ಡಿನಲ್ಲಿ ಒಂದು ರೂಪವನ್ನು ನಿಲ್ಲಿಸಿ, ಉಳಿದವನ್ನೆಲ್ಲ 400ರಲ್ಲಿ ಬರೆದರೆ ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಪುಸ್ತಕಗಳನ್ನೂ ತೋರಿಸಬಹುದು. ಇದು ಯಂತ್ರ ತಾನಾಗಿ ಮಾಡುವ ಕೆಲಸವಲ್ಲ, ಕನ್ನಡ ಬಲ್ಲ ಗ್ರಂಥಪಾಲಕರು ಕೂತು ಮಾಡಬೇಕಾದದ್ದು. ಬಜೆಟ್ಟಿನಲ್ಲಿ ಸರ್ವರ್‌ಗಿಂತ ಮೊದಲು ಅವರ ಸಮಯಕ್ಕೆ ಹಣ ಇಡಬೇಕು.

ಇಡೀ ದತ್ತಾಂಶ ಸಾಗಿಸುವ ಮೊದಲು ಕಪಾಟಿನಿಂದ ಇನ್ನೂರು ಪುಸ್ತಕ ಇಳಿಸಿ, ಮುಖಪುಟ ನೋಡಿಕೊಂಡು ಒಂದೊಂದನ್ನೂ ಹುಡುಕಿ ನೋಡಿ. ಸಿಗದವುಗಳ ಪಟ್ಟಿಯನ್ನು ತಂತ್ರಾಂಶದವರ ಮುಂದಿಡಿ. ಆ ಪಟ್ಟಿ ಖಾಲಿಯಾಗುವ ತನಕ ಹಳೆಯ ಕಾರ್ಡ್ ಡ್ರಾಯರ್‌ಗಳನ್ನು ಗುಜರಿಗೆ ಹಾಕಬೇಡಿ.