ರೋಮ್‌ನ ನೀರು: ಕಾಲುವೆ ಕಟ್ಟಿದವರು ಗೊತ್ತು, ಲೆಕ್ಕ ಇಟ್ಟವರು?

ಟ್ರೆವಿ ಕಾರಂಜಿಯ ಫೋಟೊ ಹಾಕಿದವರೆಲ್ಲ ಕೆಳಗೆ ಒಂದು ಮಾತು ಬರೆಯುತ್ತಾರೆ. ಈ ನೀರು ಬರುತ್ತಿರುವುದು 2,000 ವರ್ಷದ ಹಿಂದೆ ರೋಮನ್ನರು ಕಟ್ಟಿದ ಕಾಲುವೆಯಿಂದ ಅಂತ. ಮಾತು ಸುಳ್ಳಲ್ಲ. ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಎಂಬ ಸೇನಾಪತಿ ತಂದ ‘ಅಕ್ವಾ ವಿರ್ಗೊ’ ಕಾಲುವೆಯ ದಾರಿ ಅದು. ಆದರೆ ಪೂರ್ತಿ ನಿಜವೂ ಅಲ್ಲ. ನಡುವಿನ ನೂರಾರು ವರ್ಷ ಅದರಲ್ಲಿ ನೀರು ಹರಿದದ್ದಕ್ಕಿಂತ ತೊಟ್ಟಿಕ್ಕಿದ್ದೇ ಜಾಸ್ತಿ. 1453ರಲ್ಲಿ ಒಬ್ಬ ಪೋಪ್ ರಿಪೇರಿ ಮಾಡಿಸಿದರು. ಸಾಲದೆ 1570ರಲ್ಲಿ ಇನ್ನೊಬ್ಬರು ಮಾಡಿಸಿದರು. ನಾವು ನೋಡುವ ಕಾರಂಜಿ ಮುಗಿದದ್ದು 1762ರಲ್ಲಿ.

ರೋಮ್‌ನ ನೀರಿನ ಬಗ್ಗೆ ಕೇಳಿಬರುವ ಮಾತುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಒಬ್ಬರು ಕಮಾನುಗಳನ್ನು ಹೊಗಳುತ್ತಾರೆ. ಇನ್ನೊಬ್ಬರು ಸೀಸದ ಪೈಪಿನಿಂದಲೇ ಸಾಮ್ರಾಜ್ಯ ಬಿತ್ತು ಎನ್ನುತ್ತಾರೆ. ಇವತ್ತಿನ ರೋಮ್‌ನಲ್ಲಿ ನೀರು ಯಾಕೆ ಸೋರುತ್ತದೆ, ಅದು ಯಾರ ಸ್ವತ್ತು ಎಂದು ಜಗಳ ಆಡುವವರು ಬೇರೆ. ಮೂರೂ ಮಾತು ಒಂದೇ ಕತೆಯ ತುಂಡುಗಳು. ಮೊದಲಿನಿಂದ ನೋಡಿದರೆ ಸ್ವಲ್ಪ ಬಿಡಿಸಿಕೊಳ್ಳಬಹುದು.

ಕ್ರಿ.ಪೂ. 312ರವರೆಗೆ ರೋಮನ್ನರಿಗೆ ಟೈಬರ್ ನದಿ, ಬಾವಿ, ಬುಗ್ಗೆ ಇಷ್ಟೇ ಗತಿ. ಆ ವರ್ಷ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ಮೊದಲ ಕಾಲುವೆ ತಂದ. ಸುಮಾರು 16 ಕಿ.ಮೀ. ಉದ್ದ, ಬಹುಪಾಲು ನೆಲದೊಳಗೆ. ಆಮೇಲೆ ಐದು ಶತಮಾನಗಳಲ್ಲಿ ಕಾಲುವೆಗಳ ಸಂಖ್ಯೆ 11ಕ್ಕೆ ಏರಿತು. ಕೊನೆಯದು ಕ್ರಿ.ಶ. 226ರದ್ದು.

ಪಂಪು ಇರಲಿಲ್ಲ. ಬೆಟ್ಟದ ಬುಗ್ಗೆಯಿಂದ ಊರಿನವರೆಗೆ ಸಣ್ಣ ಇಳಿಜಾರು ಕಾಪಾಡಿಕೊಂಡು ಬರಬೇಕು, ಅಷ್ಟೇ ಉಪಾಯ. ಇಳಿಜಾರು ಜಾಸ್ತಿಯಾದರೆ ನೀರು ಗಾರೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಕ್ರಿ.ಪೂ. 144ರಲ್ಲಿ ಶುರುವಾದ ಅಕ್ವಾ ಮಾರ್ಸಿಯಾ ಸುಮಾರು 91 ಕಿ.ಮೀ. ಉದ್ದ. ಅದರಲ್ಲಿ 80 ಕಿ.ಮೀ. ಮೀರಿ ನೆಲದಡಿ. ಫೋಟೊದಲ್ಲಿ ಕಾಣುವ ಕಮಾನುಗಳು ಕಣಿವೆ ದಾಟಲು, ಊರಿನ ಹತ್ತಿರ ನೀರಿನ ಎತ್ತರ ಉಳಿಸಿಕೊಳ್ಳಲು ಮಾತ್ರ. ಹಂಪಿಯಲ್ಲಿ ಕಲ್ಲಿನ ಮೇಲ್ಗಾಲುವೆ ನೋಡಿದವರಿಗೆ ತತ್ವ ತಕ್ಷಣ ಹೊಳೆಯುತ್ತದೆ. ಅಂದರೆ ರೋಮನ್ನರ ಅತಿ ದೊಡ್ಡ ಕೆಲಸ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಕೆಲಸವನ್ನು ಕಾಯುವುದು ಕಷ್ಟ. ಕತೆ ಬಿಗಿಯಾಗುವುದು ಅಲ್ಲಿಂದಲೇ.

ಕ್ರಿ.ಶ. 97ರಲ್ಲಿ ಚಕ್ರವರ್ತಿ ನೆರ್ವಾ ನಗರದ ನೀರಿನ ಉಸ್ತುವಾರಿಯನ್ನು ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್‌ಗೆ ವಹಿಸಿದ. ಆತ ಅದಕ್ಕೆ ಮೊದಲು ಬ್ರಿಟನ್ನಿನ ರಾಜ್ಯಪಾಲನಾಗಿದ್ದವನು, ಸೇನೆ ನಡೆಸಿದವನು. ಅಂಥ ದೊಡ್ಡ ಮನುಷ್ಯನಿಗೆ ನಲ್ಲಿ ನೀರಿನ ಇಲಾಖೆ ಯಾಕೆ ಅಂತ ಅನ್ನಿಸಬಹುದು. ರೋಮ್‌ನಲ್ಲಿ ಅದು ಗೌರವದ ಹುದ್ದೆ. ಕೈಕೆಳಗೆ 700 ಗುಲಾಮ ಕೆಲಸಗಾರರ ಪಡೆ. ಅದರಲ್ಲಿ 240 ಜನ ಸರ್ಕಾರದವರು, 460 ಜನ ಚಕ್ರವರ್ತಿಯ ಕಡೆಯವರು.

ಹುದ್ದೆಗೆ ಬಂದವನು ಮೊದಲು ಕೆಲಸ ಕಲಿಯಲು ಕೂತ. ಕೈಕೆಳಗಿನವರು ಹೇಳಿದ್ದನ್ನು ಕೇಳಿಕೊಂಡು ಅಧಿಕಾರ ನಡೆಸುವುದಕ್ಕಿಂತ ನಾಚಿಕೆಗೇಡು ಇಲ್ಲ ಎಂಬರ್ಥದ ಮಾತು ಆತನ ಪುಸ್ತಕದ ಶುರುವಿನಲ್ಲೇ ಬರುತ್ತದೆ. ಆ ಪುಸ್ತಕ ಮೂಲತಃ ಆತನ ಸ್ವಂತ ಉಪಯೋಗದ ಟಿಪ್ಪಣಿ. ನೀರು ಸರಬರಾಜಿನ ಬಗ್ಗೆ ಪ್ರಾಚೀನ ರೋಮ್‌ನಿಂದ ನಮಗೆ ಉಳಿದಿರುವ ಅತ್ಯಂತ ವಿವರವಾದ ದಾಖಲೆ ಅದೇ. ಓದಲು ಒಣ ಒಣ. ಪುಟಗಟ್ಟಲೆ ಪೈಪಿನ ಅಳತೆ. ಆದರೆ ನಡುನಡುವೆ ಪತ್ತೇದಾರಿ ಕತೆ ಇಣುಕುತ್ತದೆ.

ಆತ ಹಳೆಯ ದಫ್ತರ ತೆಗೆಸಿ ನೋಡಿದ. ಕಾಲುವೆಗಳಿಂದ ಬಂದ ನೀರು ಒಟ್ಟು 12,755 ‘ಕ್ವಿನೇರಿಯಾ’ (ರೋಮನ್ನರು ನೀರಿನ ಲೆಕ್ಕಕ್ಕೆ ಬಳಸುತ್ತಿದ್ದ ಮಾನ) ಎಂದು ಬರೆದಿತ್ತು. ಹಂಚಿದ್ದು 14,018. ಬಂದದ್ದಕ್ಕಿಂತ ಕೊಟ್ಟಿದ್ದೇ ಜಾಸ್ತಿ! ಅನುಮಾನ ಬಂದು ತಾನೇ ಮೂಲಗಳಿಗೆ ಹೋಗಿ ಅಳೆಸಿದ. ದಫ್ತರದಲ್ಲಿ ಇದ್ದದ್ದಕ್ಕಿಂತ ಸುಮಾರು 10,000 ಕ್ವಿನೇರಿಯಾ ಹೆಚ್ಚು ನೀರು ನಿಜವಾಗಿ ಬರುತ್ತಿತ್ತು. ಹಾಗಾದರೆ ಅಷ್ಟು ನೀರು ಎಲ್ಲಿಗೆ ಹೋಯಿತು?

ನಮ್ಮ ಕೆರೆಗಳ ಕೆಳಗೆ ನೀರು ಬಿಡುವವರನ್ನು ನೀರುಗಂಟಿ ಎನ್ನುತ್ತೇವಲ್ಲ, ರೋಮ್‌ನಲ್ಲೂ ಆ ಕೆಲಸದವರು ಇದ್ದರು. ಫ್ರಾಂಟಿನಸ್ ಬೆರಳು ತೋರಿಸುವುದು ಅವರ ಕಡೆಗೆ. ಪೈಪಿಗೆ ಒಟ್ಟು 25 ಅಳತೆಗಳು ಗೊತ್ತಾಗಿದ್ದವು. ಅವುಗಳಲ್ಲಿ ನಾಲ್ಕನ್ನು ಇವರು ಬದಲಿಸಿಕೊಂಡಿದ್ದರು. ಮುಖ್ಯವಾದ ಕೈಚಳಕ ಎಂಥದ್ದು ನೋಡಿ. ಮನೆಗಳಿಗೆ ನೀರು ಕೊಡುವ, 20 ಎಂಬ ಅಳತೆಯ ಪೈಪನ್ನು ಚಿಕ್ಕದು ಮಾಡಿದ್ದರು. ತಾವು ನೀರು ಪಡೆಯುವ 100 ಮತ್ತು 120ರ ಪೈಪುಗಳನ್ನು ದೊಡ್ಡದು ಮಾಡಿದ್ದರು. ಹೀಗೆ ನಡುವೆ ಉಳಿದ ನೀರು ಮಾರಾಟಕ್ಕೆ.

ಇನ್ನೊಂದು ದಾರಿ ಇತ್ತು. ನೀರಿನ ಹಕ್ಕು ಮನೆಗಲ್ಲ, ಮನುಷ್ಯನಿಗೆ. ಒಡೆಯ ಬದಲಾದರೆ ಹೊಸಬ ಹೊಸದಾಗಿ ಅರ್ಜಿ ಹಾಕಬೇಕು. ಆಗ ತೊಟ್ಟಿಗೆ ಹೊಸ ತೂತು ಕೊರೆದು ಕೊಡುತ್ತಿದ್ದರು. ಹಳೆಯ ತೂತು ಮುಚ್ಚುತ್ತಿರಲಿಲ್ಲ. ಅದರಿಂದ ಬರುವ ನೀರು ಕೆಲಸಗಾರರ ಜೇಬಿಗೆ. ಬೀದಿಯುದ್ದಕ್ಕೂ ನೆಲದಡಿಯ ಪೈಪು ಚುಚ್ಚಿ ಅಂಗಡಿಗಳಿಗೆ ನೀರು ಕೊಡುವುದಕ್ಕೆ ಬೇರೆಯೇ ಒಬ್ಬ ಆಸಾಮಿ ಇದ್ದ. ಅಂಥ ಕಳ್ಳ ಪೈಪುಗಳನ್ನು ಕಿತ್ತಾಗ ಸಿಕ್ಕ ಸೀಸದಿಂದಲೇ ಎಷ್ಟು ನೀರು ಹೋಗಿತ್ತೆಂದು ಊಹಿಸಬಹುದು ಎನ್ನುತ್ತಾನೆ ಫ್ರಾಂಟಿನಸ್. ಊರ ಹೊರಗೆ ರೈತರು ಕಾಲುವೆಯನ್ನೇ ಒಡೆದು ತೋಟಕ್ಕೆ ತಿರುಗಿಸಿಕೊಳ್ಳುತ್ತಿದ್ದರು.

ಕಾನೂನು ಇರಲಿಲ್ಲ ಅಂತಲ್ಲ. ಊರ ಹೊರಗೆ ನೆಲದ ಮೇಲೆ ಹೋಗುವ ಕಾಲುವೆಯ ಎರಡೂ ಕಡೆ 15 ಅಡಿ ಜಾಗ ಖಾಲಿ ಬಿಡಬೇಕು, ಮರ ನೆಡಬಾರದು ಎಂದು ಕ್ರಿ.ಪೂ. 11ರಲ್ಲೇ ಸೆನೆಟ್ ಹೇಳಿತ್ತು. ಬೇರು ನುಗ್ಗಿ ಗಾರೆ ಬಿರಿಯುತ್ತದೆ ಅಂತ. ಎರಡು ವರ್ಷದ ಬಳಿಕ ಬಂದ ಇನ್ನೊಂದು ಕಾನೂನಿನಲ್ಲಿ ಕಾಲುವೆಗೆ ತೂತು ಹಾಕಿದವರಿಗೆ ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ದಂಡ. ಕಾನೂನು ಬಲವಾಗಿತ್ತು, ನೋಡುವವರು ಇರಲಿಲ್ಲ. ರಿಪೇರಿಗೆಂದು ಇದ್ದ ಗುಲಾಮರು ಯಾರ್ಯಾರದೋ ಖಾಸಗಿ ಕೆಲಸ ಮಾಡುತ್ತಿದ್ದರು. ಫ್ರಾಂಟಿನಸ್ ಮಾಡಿದ ದೊಡ್ಡ ಸುಧಾರಣೆ ಕೇಳಿದರೆ ನಗು ಬರಬಹುದು. ಇವತ್ತು ಯಾರು ಎಲ್ಲಿ ಏನು ಮಾಡಬೇಕೆಂದು ಹಿಂದಿನ ದಿನವೇ ಬರೆಯಬೇಕು, ಏನು ಮಾಡಿದರು ಎಂದು ದಿನಾ ದಾಖಲಿಸಬೇಕು. ಅಷ್ಟೇ. ಹೊಸ ಕಾಲುವೆ ಕಟ್ಟದೆಯೇ ಊರಿನ ನೀರು ದುಪ್ಪಟ್ಟಾದಂತಾಯಿತು ಎಂಬ ಹೆಮ್ಮೆ ಆತನಿಗಿತ್ತು. ಈಜಿಪ್ಟಿನ ಪಿರಮಿಡ್ಡುಗಳನ್ನೂ ಗ್ರೀಕರ ಕಟ್ಟಡಗಳನ್ನೂ ಉಪಯೋಗಕ್ಕೆ ಬಾರದವು ಎಂದು ಒಂದು ಸಾಲಿನಲ್ಲಿ ಹೀಗಳೆದು ಬಿಡುತ್ತಾನೆ. ಸ್ವಲ್ಪ ಜಾಸ್ತಿ ಆಯಿತು, ಇರಲಿ.

ಇಲ್ಲಿ ಒಂದು ತೊಡಕಿದೆ. ಕ್ವಿನೇರಿಯಾ ಅಂದರೆ ಸುಮಾರು 2.3 ಸೆಂ.ಮೀ. ಅಗಲದ ಪೈಪಿನ ಬಾಯಿ. ಅದು ಬಾಯಿಯ ಅಳತೆ, ನೀರಿನ ಅಳತೆಯಲ್ಲ. ಅದೇ ಪೈಪಿನಲ್ಲಿ ವೇಗವಾಗಿ ಹರಿದರೆ ಹೆಚ್ಚು ನೀರು, ನಿಧಾನವಾದರೆ ಕಡಿಮೆ. ವೇಗ ಅಳೆಯುವ ಉಪಕರಣ ರೋಮನ್ನರ ಬಳಿ ಇರಲಿಲ್ಲ. ರಭಸದ ನೀರು ಲೆಕ್ಕ ತಪ್ಪಿಸುತ್ತದೆ ಎಂಬ ಗುಮಾನಿ ಫ್ರಾಂಟಿನಸ್‌ಗೆ ಇತ್ತು, ಆದರೆ ಅದನ್ನು ಲೆಕ್ಕಕ್ಕೆ ತರುವ ದಾರಿ ತಿಳಿದಿರಲಿಲ್ಲ. ಹಾಗಾಗಿ ಆ ಕಾಣೆಯಾದ 10,000ದಲ್ಲಿ ಕದ್ದದ್ದೆಷ್ಟು, ಸೋರಿದ್ದೆಷ್ಟು, ಅಳತೆಯ ತಪ್ಪೆಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾಗದು. ನೀರುಗಂಟಿಗಳ ಕಡೆಯ ಮಾತನ್ನು ಯಾರೂ ಬರೆದಿಟ್ಟಿಲ್ಲ ಅನ್ನುವುದೂ ನೆನಪಿರಲಿ.

ಇದೇ ಗೋಜಲಿಗೆ ಈಗಿನ ಇಲಾಖೆಗಳು ‘ಲೆಕ್ಕಕ್ಕೆ ಸಿಗದ ನೀರು’ ಎಂದು ಸಭ್ಯ ಹೆಸರಿಟ್ಟಿವೆ. ಬೆಂಗಳೂರಿನವರಿಗೂ ಈ ಮಾತು ಹೊಸದಲ್ಲ ಅಲ್ವಾ?

ನೀರು ಯಾರಿಗೆ ಸಿಗುತ್ತಿತ್ತು ಎಂಬುದೂ ಮುಖ್ಯ. ಮನೆಯೊಳಗೆ ಪೈಪು ಇದ್ದದ್ದು ಚಕ್ರವರ್ತಿಯ ಅನುಮತಿ ಪಡೆದ ಕೆಲವರಿಗೆ. ಉಳಿದವರು, ಅಂದರೆ ಐದಾರು ಅಂತಸ್ತಿನ ಬಾಡಿಗೆ ಮನೆಗಳ ಜನ, ಬೀದಿ ತೊಟ್ಟಿಯಿಂದ ಹೊತ್ತು ತರಬೇಕು. ಫ್ರಾಂಟಿನಸ್‌ನ ಪಟ್ಟಿಯಲ್ಲಿ ಅಂಥ 591 ತೊಟ್ಟಿಗಳಿವೆ. ನೀರು ಪುಕ್ಕಟೆ, ಹಗಲು ರಾತ್ರಿ ಹರಿಯುತ್ತಿತ್ತು. ಹೆಚ್ಚಾದದ್ದು ಚರಂಡಿ ತೊಳೆಯುತ್ತಿತ್ತು. ಬೀದಿಯಲ್ಲಿ ಎಲ್ಲರಿಗೂ ನೀರು ಸಿಗಬೇಕು, ಅದು ಆಡಳಿತದ ಜವಾಬ್ದಾರಿ ಎಂಬ ಈ ವ್ಯವಸ್ಥೆಯನ್ನು ಕಮಾನುಗಳಿಗಿಂತ ದೊಡ್ಡದು ಎನ್ನಬೇಕು.

ಸೀಸದ ವಿಷಯ ಬೇಗ ಮುಗಿಸೋಣ. ಸೀಸ ಒಳ್ಳೆಯದಲ್ಲ, ಮಣ್ಣಿನ ಪೈಪು ವಾಸಿ ಎಂದು ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಆ ಕಾಲದಲ್ಲೇ ಬರೆದಿದ್ದ. ಸೀಸ ಕರಗಿಸುವವರ ಬಿಳಿಚಿದ ಮೈಬಣ್ಣ ನೋಡಿ ಎಂದಿದ್ದ. ಸೀಸ ರೋಮನ್ನರನ್ನು ಹಾಳು ಮಾಡಿತು ಎಂಬ ವಾದ 1983ರ ಒಂದು ವೈದ್ಯಕೀಯ ಲೇಖನದಿಂದ ಜೋರಾಯಿತು. ಆದರೆ ಅದು ಹೆಚ್ಚು ದೂರಿದ್ದು ಪೈಪನ್ನಲ್ಲ, ಸೀಸದ ಪಾತ್ರೆಯಲ್ಲಿ ಕುದಿಸಿದ ದ್ರಾಕ್ಷಿ ಪಾಕವನ್ನು. 2014ರಲ್ಲಿ ರೋಮ್‌ನ ಹಳೆಯ ಬಂದರಿನ ಹೂಳು ಪರೀಕ್ಷಿಸಿದಾಗ ನಗರದ ನಲ್ಲಿ ನೀರಿನಲ್ಲಿ ಬುಗ್ಗೆಯ ನೀರಿಗಿಂತ 100 ಪಟ್ಟಿನವರೆಗೆ ಸೀಸ ಇದ್ದಿರಬಹುದು ಎಂದು ಗೊತ್ತಾಯಿತು. ಅಷ್ಟಿದ್ದರೂ ಊರನ್ನೇ ಮುಳುಗಿಸುವ ಪ್ರಮಾಣವಲ್ಲ ಎಂದೇ ಸಂಶೋಧಕರು ಹೇಳಿದರು. ನೀರು ನಿಲ್ಲದೆ ಹರಿಯುತ್ತಿತ್ತು, ಪೈಪಿನೊಳಗೆ ಸುಣ್ಣದ ಪದರ ಕಟ್ಟುತ್ತಿತ್ತು, ಹಾಗಾಗಿ ಸೀಸ ನೀರಿಗೆ ಇಳಿಯುವುದು ತಗ್ಗುತ್ತಿತ್ತು. ಸಾಮ್ರಾಜ್ಯ ಬೀಳಲು ಬೇರೆ ಕಾರಣಗಳು ಬೇಕಾದಷ್ಟಿದ್ದವು.

ಕ್ರಿ.ಶ. 537ರಲ್ಲಿ ಮುತ್ತಿಗೆ ಹಾಕಿದ ಗೋಥ್ ಬುಡಕಟ್ಟಿನವರು ಕಾಲುವೆಗಳನ್ನು ಕತ್ತರಿಸಿದರು. ಶತ್ರು ಒಳಗೆ ನುಸುಳಬಾರದೆಂದು ಊರು ಕಾಯುತ್ತಿದ್ದ ಸೇನಾಪತಿ ಬೆಲಿಸಾರಿಯಸ್ ಅವುಗಳ ಬಾಯಿ ಕಟ್ಟಿಸಿದ. ಆಮೇಲಿನ ಸಾವಿರ ವರ್ಷ ಜನ ಟೈಬರ್ ದಡಕ್ಕೆ ಸರಿದರು. ಅಲ್ಲೊಂದು ಇಲ್ಲೊಂದು ರಿಪೇರಿ ನಡೆಯಿತು, ಅಷ್ಟೇ.

ಫ್ರಾಂಟಿನಸ್‌ನ ಪುಸ್ತಕ ಮಾಂಟೆ ಕಸೀನೊ ಮಠದಲ್ಲಿ ಉಳಿದುಕೊಂಡಿತ್ತು. 1429ರಲ್ಲಿ ಪೊಜ್ಜೊ ಬ್ರಾಚೊಲಿನಿ ಎಂಬ ವಿದ್ವಾಂಸ ಅದನ್ನು ಹುಡುಕಿ ತೆಗೆದ. ಅಲ್ಲಿಂದಾಚೆ ಪೋಪರ ಕಾಲ. ವಿರ್ಗೊ ಆಯಿತು, 1580ರ ದಶಕದಲ್ಲಿ ಅಕ್ವಾ ಫೆಲೀಚೆ ಬಂತು, 1612ರಲ್ಲಿ ಅಕ್ವಾ ಪಾವೊಲಾ. ಎಲ್ಲದರ ತುದಿಗೂ ಪೋಪರ ಹೆಸರು ಕೆತ್ತಿದ ಕಾರಂಜಿ. ನೀರು ತರುವುದು ಮತ್ತೆ ಮೆರೆಯುವ ಕೆಲಸವಾಯಿತು. ಪಾವೊಲಾಗೆ ಮುಂದೆ ಬ್ರಾಚಾನೊ ಕೆರೆಯ ನೀರನ್ನೂ ಸೇರಿಸಿದರು.

1899ರಲ್ಲಿ ಕ್ಲೆಮೆನ್ಸ್ ಹರ್ಷೆಲ್ ಎಂಬ ಅಮೆರಿಕದ ಎಂಜಿನಿಯರ್ ಫ್ರಾಂಟಿನಸ್‌ನ ಪುಸ್ತಕವನ್ನು ಇಂಗ್ಲಿಷಿಗೆ ತಂದ. ಈತ ಬೇರೆ ಯಾರೂ ಅಲ್ಲ, ಪೈಪಿನಲ್ಲಿ ಹರಿಯುವ ನೀರನ್ನು ಅಳೆಯುವ ವೆಂಚುರಿ ಮೀಟರನ್ನು ಮಾಡಿದವನೇ. ಫ್ರಾಂಟಿನಸ್ ಕೈಗೆ ಸಿಗದೇ ಹೋದ ಉಪಕರಣ ಅದು.

ಅಷ್ಟರಲ್ಲಿ ರೋಮ್‌ನ ನೀರಿಗೆ ಕಂಪನಿಗಳೂ ಬಂದಿದ್ದವು. ಪ್ರಾಚೀನ ಮಾರ್ಸಿಯಾದ ಬುಗ್ಗೆಗಳನ್ನೇ ಮತ್ತೆ ಊರಿಗೆ ತಂದದ್ದು ಒಂದು ಖಾಸಗಿ ಕಂಪನಿ. ಪೋಪ್ ಒಂಬತ್ತನೇ ಪಯಸ್ ಅದನ್ನು ಉದ್ಘಾಟಿಸಿದ್ದು 1870ರ ಸೆಪ್ಟೆಂಬರ್ 10ಕ್ಕೆ. ಹತ್ತೇ ದಿನಕ್ಕೆ ಇಟಲಿಯ ಸೇನೆ ಊರೊಳಗೆ ಬಂತು, ಪೋಪರ ಆಳ್ವಿಕೆ ಮುಗಿಯಿತು. ಕಂಪನಿಯ ಗುತ್ತಿಗೆ ಮಾತ್ರ 1964ರವರೆಗೆ ನಡೆಯಿತು. ಆಮೇಲೆ ಅದೂ ‘ಅಚೆಯಾ’ ಎಂಬ ನಗರಸಭೆಯ ಸಂಸ್ಥೆಯ ಕೈಗೆ ಹೋಯಿತು. 1909ರಲ್ಲಿ ವಿದ್ಯುತ್ತಿಗಾಗಿ ಹುಟ್ಟಿದ ಸಂಸ್ಥೆ ಅದು. 1999ರಲ್ಲಿ ಅದರ ಷೇರುಗಳು ಮಾರುಕಟ್ಟೆಗೆ ಬಂದವು. ಈಗ 51% ನಗರದ್ದು, ಉಳಿದದ್ದು ಹೂಡಿಕೆದಾರರದ್ದು. 2011ರ ಜೂನ್‌ನಲ್ಲಿ ನೀರಿನಲ್ಲಿ ಲಾಭ ಬೇಡ ಎಂದು ಇಟಲಿ ಜನಮತ ಕೊಟ್ಟಿತು. ಮತ ಹಾಕಿದವರಲ್ಲಿ 95%ಕ್ಕೂ ಹೆಚ್ಚು ಜನ ಹಾಗೆ ಹೇಳಿದರು. ಕಂಪನಿಗಳು ಇದ್ದಲ್ಲೇ ಇದ್ದವು. ಹಾಗಾದರೆ ಜನ ಗೆದ್ದರೋ ಇಲ್ಲವೋ? ಉತ್ತರ ನೀವು ಯಾರನ್ನು ಕೇಳುತ್ತೀರಿ ಎಂಬುದರ ಮೇಲಿದೆ.

2017ರ ಬೇಸಿಗೆಯಲ್ಲಿ ಬರ ಬಂತು. ಬ್ರಾಚಾನೊ ಕೆರೆ ಇಳಿಯಿತು. ಅಲ್ಲಿಂದ ನೀರು ಎತ್ತಬೇಡಿ ಎಂದು ಪ್ರಾಂತೀಯ ಸರ್ಕಾರ ಆಜ್ಞೆ ಮಾಡಿತು. ಹಾಗಾದರೆ 15 ಲಕ್ಷ ಜನರಿಗೆ ದಿನಕ್ಕೆ ಎಂಟು ಗಂಟೆ ನೀರು ನಿಲ್ಲಿಸಬೇಕಾಗುತ್ತದೆ ಎಂದು ಕಂಪನಿ ಎಚ್ಚರಿಸಿತು. ಕೊನೆಗೆ ಅಷ್ಟು ದೂರ ಹೋಗಲಿಲ್ಲ. ಆದರೆ ಆ ಗಲಾಟೆಯಲ್ಲಿ ಪೈಪುಗಳಿಗೆ ಬಿಟ್ಟ ನೀರಿನಲ್ಲಿ 40%ಕ್ಕೂ ಹೆಚ್ಚು ಮನೆ ಮುಟ್ಟುವುದೇ ಇಲ್ಲ ಎಂಬುದು ಊರಿಗೆಲ್ಲ ಗೊತ್ತಾಯಿತು. ಹಳೇ ಪೈಪು, ಅಕ್ರಮ ಸಂಪರ್ಕ, ತಪ್ಪು ಮೀಟರ್ ಎಲ್ಲ ಸೇರಿದ ಲೆಕ್ಕ.

ಮೊದಲು ಕೈ ಹಾಕಿದ್ದು ಎಲ್ಲಿಗೆ? ‘ನಸೋನಿ’ಗಳಿಗೆ. 1874ರಿಂದ ರೋಮ್‌ನ ಬೀದಿಗಳಲ್ಲಿ ನಿಂತಿರುವ, ಉದ್ದ ಮೂಗಿನಂಥ ನಲ್ಲಿಯ ಕುಡಿಯುವ ನೀರಿನ ಕಂಬಗಳು. ಸುಮಾರು 2,500 ಇವೆ, ಸದಾ ಹರಿಯುತ್ತಿರುತ್ತವೆ. ಹಲವನ್ನು ಬಂದ್ ಮಾಡಿದರು. ಒಟ್ಟು ನಷ್ಟದಲ್ಲಿ ಅವುಗಳ ಪಾಲು 1% ಆಸುಪಾಸು ಎಂದು ಆಗಲೇ ಲೆಕ್ಕ ಇತ್ತು. ಆದರೆ ಹರಿಯುವ ನಲ್ಲಿ ಕಣ್ಣಿಗೆ ಕಾಣುತ್ತದೆ. ನೆಲದಡಿಯ ಬಿರುಕು ಕಾಣುವುದಿಲ್ಲ. ಬಡವರೂ ಮನೆಯಿಲ್ಲದವರೂ ನೀರು ಕುಡಿಯುವುದು ಅಲ್ಲೇ ಎಂದು ಜನ ಸಿಟ್ಟಾದರು.

ಅಲ್ಲಿಂದೀಚೆಗೆ ಪೈಪು ಬದಲಿಸುವ ಕೆಲಸ ನಿಜವಾಗಿಯೂ ನಡೆದಿದೆ, ಸೋರಿಕೆ ಸಾಕಷ್ಟು ಇಳಿದಿದೆ ಎಂದು ಕಂಪನಿ ಹೇಳುತ್ತದೆ. ಸುದ್ದಿ ಮಾಡುತ್ತಿರುವುದು ಬೇರೆ. ರೋಮ್ ಕುಡಿಯುವ ನೀರಿನ ಬಹುಪಾಲು ರಿಯೇತಿ ಎಂಬ ಊರಿನ ಕಡೆಯ ಪೆಸ್ಕಿಯೆರಾ ಬುಗ್ಗೆಗಳಿಂದ ಸುರಂಗದ ಮೂಲಕ ಬರುತ್ತದೆ. ಆ ಸುರಂಗ ಕಟ್ಟಿದ್ದು ಕಳೆದ ಶತಮಾನದ ಮಧ್ಯಭಾಗದಲ್ಲಿ, ಹಾದುಹೋಗುವುದು ಭೂಕಂಪದ ಸೀಮೆಯಲ್ಲಿ. ಒಳಗಿಳಿದು ರಿಪೇರಿ ಮಾಡೋಣ ಎಂದರೆ ನೀರು ನಿಲ್ಲಿಸಬೇಕು, ನಿಲ್ಲಿಸಿದರೆ ಊರಿಗೆ ಬೇರೆ ದಾರಿಯಿಲ್ಲ. ಹಾಗಾಗಿ ಪಕ್ಕದಲ್ಲಿ ಎರಡನೇ ಸುರಂಗ ಕೊರೆಯುವ ಯೋಜನೆ ಹಾಕಿದ್ದಾರೆ. ಅದು ಮುಗಿದ ಮೇಲೆ ಹಳೆಯದನ್ನು ಖಾಲಿ ಮಾಡಿ ಒಳಗೇನಾಗಿದೆ ಎಂದು ನೋಡಬಹುದು.