ಫೀಡ್‌ಬ್ಯಾಕ್ ಅಂದರೆ ಬರೀ ಮೆಚ್ಚುಗೆಯಲ್ಲ

'ನಿನ್ನೆಯ ಲೈವ್‌ಗೆ ಭರ್ಜರಿ ಪಾಸಿಟಿವ್ ಫೀಡ್‌ಬ್ಯಾಕ್ ಬಂತು.' ಈ ವಾರ ಮೂರನೇ ಸಲ ಈ ಮಾತು ಓದಿದೆ. ಬಂದದ್ದೇನು ಅಂತ ನೋಡಿದರೆ ಒಂದಿಷ್ಟು ಹಾರ್ಟು, ನಾಲ್ಕು 'ಸೂಪರ್ ಸರ್'. ಅದು ಮೆಚ್ಚುಗೆ. ಹಾಗಂತಲೇ ಕರೆಯಬಹುದಲ್ವಾ?

ಫೀಡ್‌ಬ್ಯಾಕ್ ಬೆಳೆದದ್ದು ರೇಡಿಯೋ, ಆಂಪ್ಲಿಫೈಯರ್ ಕೆಲಸದವರ ಬಾಯಲ್ಲಿ. ಫೀಡ್ ಅಂದರೆ ಉಣಿಸುವುದು. ಹೊರಗೆ ಬಂದದ್ದರಲ್ಲಿ ಒಂದು ಪಾಲನ್ನು ತಿರುಗಿ ಒಳಕ್ಕೇ ಉಣಿಸಿದರೆ ಫೀಡ್‌ಬ್ಯಾಕ್. ಮದುವೆ ಛತ್ರದಲ್ಲಿ ಮೈಕ್ ಹಿಡಿದವರು ಸ್ಪೀಕರ್ ಎದುರು ಹೋದರೆ ಕುಂಯ್ ಅಂತ ಕಿವಿ ಕೊರೆಯುತ್ತದಲ್ಲ, ಅದೇ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನಿಂದ ಮತ್ತೆ ಸ್ಪೀಕರಿಗೆ. ಒಂದೊಂದು ಸುತ್ತಿಗೂ ಇನ್ನಷ್ಟು ಜೋರು. ಎಂಜಿನಿಯರುಗಳ ಮಾತಿನಲ್ಲಿ ಇದು ಪಾಸಿಟಿವ್ ಫೀಡ್‌ಬ್ಯಾಕ್! ಪಾಸಿಟಿವ್ ಅಂದರೆ ಹೊಗಳಿಕೆಯಲ್ಲ, ಇದ್ದದ್ದನ್ನು ಹೆಚ್ಚಿಸುತ್ತಾ ಹೋಗುವುದು. ನೆಗೆಟಿವ್ ಅಂದರೆ ಬೈಗುಳವಲ್ಲ, ಹದ ತಪ್ಪಿದ್ದನ್ನು ಹದಕ್ಕೆ ತರುವುದು. ದೂರದ ಫೋನ್ ಕರೆಗಳಲ್ಲಿ ದನಿ ಕೆಡದಂತೆ ಮಾಡಲು ಅಮೆರಿಕದ ಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಕೊಂಡ ದಾರಿ ಈ ನೆಗೆಟಿವ್ ಫೀಡ್‌ಬ್ಯಾಕ್.

ನಮ್ಮ ಮೇಷ್ಟ್ರುಗಳು ತರಬೇತಿಯಲ್ಲಿ ಬಳಸುವ 'ಹಿಮ್ಮಾಹಿತಿ' ನನಗಿಷ್ಟ. ಹಿಂದಕ್ಕೆ ಬರಬೇಕು ಅನ್ನುವುದು ಪದದಲ್ಲೇ ಇದೆ. 'ಪ್ರತಿಕ್ರಿಯೆ'ಯಲ್ಲಿ ಆ ಸುತ್ತು ಇಲ್ಲ.

ಆನ್‌ಲೈನ್‌ನಲ್ಲಿ ಈ ಸುತ್ತು ಚೆನ್ನಾಗಿ ಕಂಡದ್ದು 2014ರ ಫೆಬ್ರವರಿಯಲ್ಲಿ. ಟ್ವಿಚ್ ಅನ್ನುವ ಲೈವ್ ವಿಡಿಯೋ ತಾಣದಲ್ಲಿ ಪೋಕೆಮಾನ್ ರೆಡ್ ಅನ್ನುವ ವಿಡಿಯೋ ಗೇಮನ್ನು ನೋಡುಗರೇ ಆಡಿದರು. ಚಾಟ್‌ನಲ್ಲಿ 'ಅಪ್' ಅಂತ ಟೈಪ್ ಮಾಡಿದರೆ ಆಟದೊಳಗಿನ ಹುಡುಗ ಮೇಲಕ್ಕೆ ಹೋಗಬೇಕು. ಸಾವಿರಾರು ಜನ ಒಟ್ಟಿಗೇ ಟೈಪ್ ಮಾಡಿದರೆ? ಪಾಪ, ಹುಡುಗ ನಿಂತಲ್ಲೇ ಗಿರಕಿ ಹೊಡೆಯುತ್ತಿದ್ದ. ಆಟ ಮುಂದೆ ಹೋಗದಿದ್ದಾಗ ನಡೆಸುವವರು ವೋಟಿನ ಪದ್ಧತಿ ತಂದರು: ಹೆಚ್ಚು ಜನ ಟೈಪ್ ಮಾಡಿದ್ದೇ ನಡೆಯುತ್ತದೆ. ಅದು ಹಿಡಿಸದವರು 'ಸ್ಟಾರ್ಟ್9' (ಸ್ಟಾರ್ಟ್ ಬಟನ್ ಒಂಬತ್ತು ಸಲ ಒತ್ತು) ಅಂತ ಸತತವಾಗಿ ಹೊಡೆದು ಆಟವನ್ನೇ ತಡೆದರು. ಕೊನೆಗೆ ಯಾವ ಪದ್ಧತಿ ಬೇಕು ಅನ್ನುವುದನ್ನೂ ಚಾಟ್‌ಗೇ ಬಿಡಬೇಕಾಯಿತು. 16 ದಿನಕ್ಕೆ ಆಟ ಮುಗಿಯಿತು.

ಬಾಯಿಬಿಟ್ಟು ಹೇಳಲೇಬೇಕು ಅಂತಲೂ ಇಲ್ಲ. 2012ರಿಂದ ಯೂಟ್ಯೂಬ್ ಶಿಫಾರಸಿನಲ್ಲಿ ವ್ಯೂಗಿಂತ ನೋಡಿದ ಹೊತ್ತಿಗೆ ಜಾಸ್ತಿ ತೂಕ. ಸುಮ್ನೆ ಅರ್ಧಕ್ಕೇ ಎದ್ದು ಹೋದವರದ್ದೂ ಫೀಡ್‌ಬ್ಯಾಕೇ.

ನಾನು ನೋಡುವ ಒಂದು ಅಡುಗೆ ಚಾನೆಲ್‌ನಲ್ಲಿ ಯಾರೋ ಕೇಳಿದ್ದರು: 'ಹುಣಸೆಹಣ್ಣು ಎಷ್ಟು ಅಂತ ಗೊತ್ತಾಗಲ್ಲ ಅಕ್ಕ, ಕೈಯಲ್ಲಿಟ್ಟು ತೋರಿಸಿ.' ಮುಂದಿನ ಸಾರಿನ ವಿಡಿಯೋದಲ್ಲಿ ಅಕ್ಕ ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಅಂಗೈಯಲ್ಲಿಟ್ಟು ಕ್ಯಾಮೆರಾ ಹತ್ತಿರ ಹಿಡಿದರು. ಈಗಲೂ ಪ್ರತಿ ಸಲ ಹಿಡಿಯುತ್ತಾರೆ. ಫೀಡ್‌ಬ್ಯಾಕ್ ಅಂದರೆ ಆ ಕಾಮೆಂಟು.