ಮಷೀನ್ ಆಮ್ಯಾಲೆ, ಮೊದಲ ಪೆನ್ ಬಿಚ್ಚಿ ನೋಡ್ರಿ

ಹೋದ ವರ್ಷ ಹಾವೇರಿ ಕಡಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಕಾಕಾ, ಹೆಸರು ಕೊರಿಯೋ ಲೇಸರ್ ಮಷೀನ್ ತಗೊಂಡೀನ್ರಿ, 40 ವಾಟ್ ಐತಿ, ಆದ್ರ ಪೆನ್ ಮ್ಯಾಲೆ ಒಂದು ಗೆರಿ ಸೈತ ಬೀಳವಲ್ದು." ಮಷೀನ್ ಹೊತ್ಕೊಂಡು ಬರಬ್ಯಾಡ ತಮ್ಮಾ, ಪೆನ್ ಅಷ್ಟ ಹಿಡ್ಕೊಂಡು ಬಾ ಅಂದೆ. ಬಂದ. ನೋಡಿದ್ರ ಥಳಥಳ ಹೊಳಿಯೋ ಕ್ರೋಮ್ ಪೆನ್, ಮುಖ ನೋಡ್ಕೊಂಡು ತಲಿ ಹಿಕ್ಕೋಬಹುದು ಅಂಥಾದ್ದು. ಆ ಮಷೀನ್‌ದಾಗ ಅದರ ಮ್ಯಾಲೆ ಹೆಸರು ಬರಂಗಿಲ್ಲ, ಇವತ್ತೂ ಬರಂಗಿಲ್ಲ ನಾಳೆನೂ ಬರಂಗಿಲ್ಲ. ಪಾಪ, ಅವನ ಮುಖ ಸಣ್ಣದಾತು.

ನಮ್ಮದು ಹುಬ್ಬಳ್ಳಿ ದುರ್ಗದಬೈಲ್ ಹತ್ರ ಸಣ್ಣ ಅಂಗಡಿ, ಮೆಮೆಂಟೋ, ನೇಮ್ ಪ್ಲೇಟ್, ಪೆನ್, ಕೀಚೈನ್. ನಮ್ಮಪ್ಪ ಭಾಂಡೆ ಅಂಗಡ್ಯಾಗ ಕುಂತು ಟರ್ರ್ ಅನ್ನೋ ಆ ಕೈ ಮಷೀನ್ ಹಿಡಿದು ಮದುವಿ ಉಡುಗೊರೆ ಪಾತ್ರೆ ಮ್ಯಾಲೆ ಹೆಸರು ಬರೀತಿದ್ರು. ಅವರಿಗೆ ವಾಟೂ ಗೊತ್ತಿದ್ದಿಲ್ಲ ವೇವ್‌ಲೆಂಗ್ತೂ ಗೊತ್ತಿದ್ದಿಲ್ಲ, ಆದ್ರ ಪಾತ್ರೆ ಕೈಯಾಗ ಹಿಡಿದು ಉಗುರಿಲೆ ಒಂದು ಸಲ ಟಣ್ ಅನಿಸಿ ನೋಡದ ಎಂದೂ ಬರೀತಿರಲಿಲ್ಲ. ನಾನು ಹೇಳೋದೂ ಅಷ್ಟ. ಮಷೀನ್ ಯಾವುದು ತಗೊಳ್ಳಿ ಅಂತ ಕೇಳೋರಿಗೆಲ್ಲಾ ನಾನು ಕೇಳೋದು, ಯಾವ ಪೆನ್ನಿನ ಮ್ಯಾಲೆ ಬರೀತೀರಿ ಅಂತ.

ಮೊದಲ ಈ ವಾಟಿನ ಲೆಕ್ಕ ಮುಗಿಸಿಬಿಡೂಣು. ಆ ಹುಡುಗನ ಡಬ್ಬಿ ಮ್ಯಾಲೆ 40 ವಾಟ್ ಅಂತ ದೊಡ್ಡದಾಗಿ ಇತ್ತು, ಆದ್ರ ಅದು ಮಷೀನು ಎಳಕೊಳ್ಳೋ ಕರೆಂಟಿನ ಲೆಕ್ಕ, ಹೊರಗ ಬೀಳೋ ಬೆಳಕಿನ ಲೆಕ್ಕ ಅಲ್ಲ. ಕೆಳಗ ಸಣ್ಣ ಅಕ್ಷರದಾಗ ಆಪ್ಟಿಕಲ್ ಪವರ್ 5.5 ವಾಟ್ ಅಂತ ಬರದಿತ್ತು, ಅದು ಖರೇ ಲೆಕ್ಕ. ಒಂದು ನೀಲಿ ಡಯೋಡ್ (ಲೇಸರ್ ಬೆಳಕು ಕೊಡೋ ಸಣ್ಣ ಚಿಪ್) ಕೊಡೋದ ಐದಾರು ವಾಟ್, 10 ವಾಟ್ ಅಂದ್ರ ಎರಡು ಡಯೋಡ್ ಕೂಡಿಸಿರ್ತಾರ, 20 ವಾಟ್ ಅಂದ್ರ ನಾಕು. ಕೂಡಿಸಿದಂಗ ಶಕ್ತಿ ಬರ್ತೈತಿ ಖರೆ, ಬೆಳಕಿನ ಚುಕ್ಕಿನೂ ದಪ್ಪ ಆಗ್ತಾ ಹೋಗ್ತೈತಿ. ಪ್ಲೈವುಡ್ ಕತ್ತರಿಸೋರಿಗೆ ಅದು ಛಲೋ, ಪೆನ್ನಿನ ಮ್ಯಾಲೆ ಸಣ್ಣ ಅಕ್ಷರ ಬರೆಯೋರಿಗೆ 5ರಿಂದ 10 ವಾಟ್ ಒಳಗಿಂದ ಸಾಕು, ಹೆಚ್ಚಿನ ರೊಕ್ಕ ಸುರಿಯೋದು ಬ್ಯಾಡ.

ಇನ್ನ ವಾಟಿಗಿಂತ ದೊಡ್ಡ ವಿಷಯ ಅಂದ್ರ ಬೆಳಕಿನ ಜಾತಿ, ಅಂದ್ರ ಅದರ ತರಂಗದ ಉದ್ದ, ನ್ಯಾನೋಮೀಟರಿನ್ಯಾಗ ಅಳೀತಾರ. ಮನ್ಯಾಗ ಇಟ್ಕೊಳ್ಳೋ ಸಣ್ಣ ಮಷೀನ್ ಬಹಳಷ್ಟು ನೀಲಿ ಡಯೋಡ್, 455 ನ್ಯಾನೋಮೀಟರ್ ಆಸುಪಾಸು. ಇದು ಕಟಿಗಿ, ಬಿದಿರು, ಚರ್ಮ, ರಟ್ಟು, ಪೇಂಟ್ ಹಚ್ಚಿದ ಲೋಹ, ಬಣ್ಣ ಕೊಟ್ಟ ಆನೊಡೈಸ್ ಅಲ್ಯೂಮಿನಿಯಂ ಇವುಗಳ ಮ್ಯಾಲೆ ಚಂದ ಬರೀತೈತಿ. ಪಾರದರ್ಶಕ ಅಕ್ರಿಲಿಕ್ ಮತ್ತ ಗಾಜಿನ ಒಳಗಿಂದ ಸೀದಾ ದಾಟಿ ಕೆಳಗಿನ ಟೇಬಲ್ ಸುಡ್ತೈತಿ. ಪೇಂಟ್ ಇಲ್ಲದ ಲೋಹದ ಮ್ಯಾಲೆ ಬಿದ್ರ ಬಹಳಷ್ಟು ವಾಪಸ್ ಹೊಳೀತೈತಿ, ಉಳಿದ ಬಿಸಿ ಲೋಹದಾಗ ಹರಕೊಂಡು ಹೋಗ್ತೈತಿ, ಬಹಳ ಸಲ ಗುರುತು ಬೀಳಂಗಿಲ್ಲ, ಸ್ಟೀಲ್ ಮ್ಯಾಲೆ ನಿಧಾನಕ್ಕ ಕರಿ ಕಲೆ ಬಿದ್ರ ಬಿದ್ದೀತು ಅಷ್ಟ. ಆಮ್ಯಾಲೆ ಫೈಬರ್ ಲೇಸರ್, 1064 ನ್ಯಾನೋಮೀಟರ್, ಕಣ್ಣಿಗೆ ಕಾಣೋದ ಇಲ್ಲ, ಸ್ಟೀಲ್ ಹಿತ್ತಾಳಿ ಕ್ರೋಮ್ ಎಲ್ಲಾ ಬರೀತೈತಿ. ಅದೂ ಬರೇ 20 ವಾಟ್, ಹಂಗಾದ್ರ 20 ವಾಟಿನ ನೀಲಿ ಯಾಕ ಹಂಗ ಬರ್ಯಂಗಿಲ್ಲ ಅಂತ ಭಾಳ ಮಂದಿ ಕೇಳ್ತಾರ. ನೀಲಿ ಡಯೋಡ್ ಅಂದ್ರ ಇಸ್ತ್ರಿ ಪೆಟ್ಟಿಗಿ ಇದ್ದಂಗ, ಒಂದಸವನ ಬಿಸಿ. ಫೈಬರ್ ಅಂದ್ರ ಪತ್ತಾರನ ಸುತ್ತಿಗಿ, ಸೆಕೆಂಡಿಗೆ ಸಾವಿರಾರು ಏಟು, ಸರಾಸರಿ 20 ವಾಟ್ ಆದ್ರೂ ಒಂದೊಂದು ಏಟಿನ್ಯಾಗ ಸಾವಿರಗಟ್ಟಲೆ ವಾಟ್ ಇರ್ತೈತಿ, ಲೋಹ ಬಿಸಿ ಹಂಚ್ಕೊಳ್ಳೋ ಹೊತ್ತಿಗೆ ಕೆಲಸ ಮುಗದಿರ್ತೈತಿ. ಆದ್ರ ಕಟಿಗಿ ಮ್ಯಾಲೆ ಫೈಬರ್ ಅಷ್ಟಕ್ಕಷ್ಟ.

ಮೂರನೇದು ಸಿಒ2, ಅಂದ್ರ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಲೇಸರ್, 10.6 ಮೈಕ್ರಾನ್ (10,600 ನ್ಯಾನೋಮೀಟರ್), ಗಾಜು ಅಕ್ರಿಲಿಕ್‌ಗೆ ರಾಜಾ. ಇದನ್ನ 1964ರಾಗ ಅಮೆರಿಕಾದ ಬೆಲ್ ಲ್ಯಾಬ್ಸ್‌ದಾಗ ಕಂಡುಹಿಡಿದವರು ಕುಮಾರ್ ಪಟೇಲ್ ಅಂತ, ಹುಟ್ಟಿದ್ದು ನಮ್ಮ ಬಾಜೂಕಿನ ಮಹಾರಾಷ್ಟ್ರದ ಬಾರಾಮತಿಯಾಗ. ಇದನ್ನ ಹೇಳಿದ್ರ ಗಿರಾಕಿಗಳು ಮಷೀನಿಗಿಂತ ಹೆಚ್ಚು ಖುಷಿ ಆಗ್ತಾರ. ಆದ್ರ ಗಾಜಿನ ಟ್ಯೂಬು, ತಂಪು ಮಾಡಾಕ ನೀರು, ಪಂಪು, ಕನ್ನಡಿ ಹೊಂದಿಸೋದು, ಬರೇ ಪೆನ್ ಕೀಚೈನ್ ಮಾಡೋರಿಗೆ ಆ ಸಂಸಾರ ಬ್ಯಾಡ.

ಈಗ ಪೆನ್ನಿಗೆ ಬರೂಣು. ಹೋಲ್‌ಸೇಲ್ ಅಂಗಡ್ಯಾಗ ಎಲ್ಲಾನೂ "ಮೆಟಲ್ ಪೆನ್" ಅಂತಾನ ಮಾರ್ತಾರ. ಕೈಯಾಗ ಹಿಡಿದು ಭಾರ ನೋಡ್ರಿ, ಆಮ್ಯಾಲೆ ತಿರುವಿ ಬಿಚ್ರಿ, ಒಳಗಿನ ಚೂಡಿ (ತಿರುಪಿನ ಗೆರಿ) ನೋಡ್ರಿ. ಹಳದಿ ಕಂಡ್ರ ಹಿತ್ತಾಳಿ, ಮ್ಯಾಲೆ ಕರಿ ಇಲ್ಲಾ ನೀಲಿ ಪೇಂಟ್ ಇರ್ತೈತಿ, ನೀಲಿ ಡಯೋಡ್ ಆ ಪೇಂಟ್ ಹಾರಿಸಿದ್ರ ಒಳಗಿಂದ ಬಂಗಾರದ ಬಣ್ಣದ ಅಕ್ಷರ ಬರ್ತಾವ, ಇದಕ್ಕಿಂತ ಚಂದ ಮತ್ತೊಂದಿಲ್ಲ. ಬೆಳ್ಳಗ, ಹಗುರ ಇದ್ರ ಅಲ್ಯೂಮಿನಿಯಂ, ಅಕ್ಷರ ಬೂದಿ-ಬಿಳಿ ಬರ್ತಾವ. ಪ್ಲಾಸ್ಟಿಕ್ ಮ್ಯಾಲೆ ಬೆಳ್ಳಿ ಪಾಲಿಶ್ ಕೊಟ್ಟದ್ದಿದ್ರ ಮುಟ್ಟಬ್ಯಾಡ್ರಿ, ಉಬ್ಬಿ ಕರಗಿ ಅಸಹ್ಯ ಆಗ್ತೈತಿ. ಅಯಸ್ಕಾಂತ ಹಚ್ಚಿ ನೋಡಿದೆ ಅಂಟಲಿಲ್ಲ ಹಂಗಾದ್ರ ಲೋಹ ಅಲ್ಲ ಅಂತ ಒಬ್ಬರು ವಾದ ಮಾಡಿದ್ರು, ಹಿತ್ತಾಳಿ ಅಲ್ಯೂಮಿನಿಯಂ ಎರಡಕ್ಕೂ ಅಯಸ್ಕಾಂತ ಅಂಟಂಗಿಲ್ರಿ.

ಪೆನ್ ದುಂಡಗ ಇರ್ತೈತಿ, ರೋಟರಿ, ಅಂದ್ರ ಪೆನ್ ತಿರುಗಿಸೋ ಜೋಡಣಿ, ಬೇಕಲ್ಲ ಅಂತೀರಿ. ಲೆಕ್ಕ ಹಾಕೂಣು. 10 ಮಿಲಿಮೀಟರ್ ದಪ್ಪದ ಪೆನ್ನಿನ ಮ್ಯಾಲೆ 4 ಮಿಲಿಮೀಟರ್ ಎತ್ತರದ ಅಕ್ಷರ ಬರದ್ರ, ನಡುವಿಗೂ ಅಂಚಿಗೂ ಇರೋ ಇಳಿಜಾರು 0.4 ಮಿಲಿಮೀಟರ್ ಚಿಲ್ಲರೆ ಅಷ್ಟ. ಅಷ್ಟು ಫೋಕಸ್ ತಡಕೊಳ್ತೈತಿ. 6 ಮಿಲಿಮೀಟರ್ ಅಕ್ಷರಕ್ಕ ಹೋದ್ರ ಇಳಿಜಾರು ಪೂರ್ತಿ 1 ಮಿಲಿಮೀಟರ್, ಅಲ್ಲಿ ಅಂಚು ಮಸಕು ಆಗಾಕ ಶುರು. ಅಂದ್ರ ಒಂದು ಸಾಲು ಹೆಸರಿಗೆ ರೋಟರಿ ಬೇಕಿಲ್ಲ, ಎಂಡಿಎಫ್ (ಕಟಿಗಿ ಪುಡಿ ಒತ್ತಿ ಮಾಡಿದ ಹಲಗಿ) ಪಟ್ಟಿಯಾಗ ಅದೇ ಮಷೀನ್‌ಲೆ ಗುಳಿ ಕೊರದು ಪೆನ್ ಕೂಡಿಸಿದ್ರ ಆತು. ಸ್ಟೀಲ್ ಲೋಟ, ಬಾಟಲಿ ಸುತ್ತ ಬರೀಬೇಕಂದ್ರ ಅವಾಗ ರೋಟರಿ ತಗೋರಿ.

ಗುಳಿ ಮಾಡೋ ಮುಂದ ಒಂದು ಮಾತು, ಇದು ನಾನು ಲುಕ್ಸಾನ ಮಾಡ್ಕೊಂಡು ಕಲ್ತದ್ದು. ಗದಗ ಕಡೆ ಸಾಲಿಯೊಂದರ ಬೀಳ್ಕೊಡುಗೆಗೆ 24 ಪೆನ್ ಮಾಡಿ ಕಳಿಸಿದ್ದೆ. ನಿಬ್ ಬಲಕ್ಕ ಬರೂ ಹಂಗ ಕೂಡಿಸಿ ಬರದಿದ್ದೆ, ಟೇಬಲ್ ಮ್ಯಾಲೆ ಇಟ್ಟು ನೋಡಿದ್ರ ಭಾಳ ಚಂದ. ನಿವೃತ್ತಿ ಆದ ಗುರುಗಳು ಬಾಕ್ಸ್ ತಗದು, ಪೆನ್ ಹಿಡಿದು, ಕಾಗದದ ಮ್ಯಾಲೆ ಸಹಿ ಮಾಡಿ, ಕನ್ನಡಕದ ಮ್ಯಾಗಿಂದ ನೋಡಿ ಅಂದ್ರಂತ: "ನನ್ನ ಹೆಸರು ನನಗ ಕಾಣವಲ್ದಲ್ಲೋ, ಎದುರಿಗೆ ಕುಂತಾವ್ರಿಗೆ ಕಾಣ್ತೈತಿ." ಬಲಗೈಲೆ ಬರೆಯೋರು ಪೆನ್ ಹಿಡಿದ್ರ ನಿಬ್ ಎಡಕ್ಕ ಇರ್ತೈತಿ. ಹೆಸರು ನಿಬ್ ಕಡಿಯಿಂದ ಶುರು ಆಗಬೇಕು, ಎಡಗೈಯವರಿಗೆ ಉಲ್ಟಾ. 24 ಪೆನ್ ನನ್ನ ರೊಕ್ಕದಾಗ ಮತ್ತ ಮಾಡಿಕೊಟ್ಟೆ, ಹಳೇವು ಇನ್ನೂ ಗಲ್ಲೆ ಬಾಜೂ ಡಬ್ಬಿಯಾಗ ಅದಾವ, ಬಿಲ್ ಬರಿಯಾಕ.

ಇನ್ನ ಕನ್ನಡ. ಇದನ್ನ ಯಾವ ಮಷೀನ್ ಮಾರೋನೂ ಹೇಳಂಗಿಲ್ಲ. ಮಷೀನಿನ ಜೋಡಿ ಬರೋ ಕೆಲವು ಸಾಫ್ಟ್‌ವೇರಿನ್ಯಾಗ ಕನ್ನಡ ಟೈಪ್ ಮಾಡಿದ್ರ ಒತ್ತಕ್ಷರ ಒಡದು ಹೋಗ್ತಾವ. ನಮ್ಮ ಊರಿನ ಹೆಸರ ತಗೋರಿ, ಹುಬ್ಬಳ್ಳಿಗೆ ಎರಡು ಒತ್ತು, ಅದು "ಹುಬ್‌ಬಳ್‌ಳಿ" ಅಂತ ಬೀಳ್ತೈತಿ. ಪೇಂಟ್ ಹಾರಿದ ಮ್ಯಾಲೆ ತಿದ್ದಾಕ ಬರಂಗಿಲ್ಲ. ನಾನು ಮಾಡೋದು ಇಷ್ಟ, ಚಿತ್ರ ಬಿಡಿಸೋ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ದಾಗ ಯುನಿಕೋಡ್‌ನ್ಯಾಗ ಟೈಪ್ ಮಾಡಿ, ಅಕ್ಷರನ ಪಾಥ್ (ಗೆರಿಗಳ ಚಿತ್ರ) ಮಾಡಿ, ಎಸ್‌ವಿಜಿ ಇಲ್ಲಾ ಡಿಎಕ್ಸ್‌ಎಫ್ ಫೈಲ್ ತಗದು ಆಮ್ಯಾಲೆ ಲೇಸರ್ ಸಾಫ್ಟ್‌ವೇರಿಗೆ ಕೊಡ್ತೀನಿ, ಅವಾಗ ಅದಕ್ಕ ಅದು ಕನ್ನಡ ಅನ್ನೋದ ಗೊತ್ತಾಗಂಗಿಲ್ಲ, ಚಿತ್ರ ಅಂತ ತಿಳಕೊಂಡು ಸುಮ್ಮನ ಕೊರೀತೈತಿ. ಗದಗ ಅಂದ್ರ ಮುದ್ರಣ ಕಾಶಿ, ಅಲ್ಲಿ ಪ್ರೆಸ್‌ನವರಿಂದ ಹಳೇ ನುಡಿ ಫಾಂಟಿನ ಫೈಲ್ ಬರ್ತಾವ, ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ತಗದ್ರ ಎಬಿಸಿಡಿ ಕಸ ಕಾಣ್ತೈತಿ, ಅವರಿಗೂ ಪಾಥ್ ಮಾಡಿ ಕಳಸ್ರಿ ಅಂತ ಹೇಳ್ರಿ. ಕೆಳಗ ಒತ್ತು ಮ್ಯಾಲೆ ಗುಡಿಸು ಇರೋದ್ರಿಂದ ಕನ್ನಡಕ್ಕ ಇಂಗ್ಲಿಷಿಗಿಂತ ಎತ್ತರ ಬೇಕಾಗ್ತೈತಿ, ನಾಕು ಮಿಲಿಮೀಟರಿನ ಲೆಕ್ಕ ಹೇಳಿದೆನಲ್ಲ, ಅದು ಒತ್ತೂ ಹಿಡಿದು. ಹಂಗಾಗಿ ತೆಳ್ಳನ, ಸಾದಾ ಫಾಂಟ್ ಆರಸ್ರಿ.

ಸುರಕ್ಷತಾ ವಿಚಾರದಾಗ ನಾನು ಕಟು. ಬಯಲಾಗಿರೋ ಮಷೀನ್‌ಗಳು ಕ್ಲಾಸ್ 4, ಲೇಸರಿನ್ಯಾಗ ಎಲ್ಲಕ್ಕಿಂತ ಅಪಾಯದ ದರ್ಜಿ, ಹೊಳಿಯೋ ಪೆನ್ ಮ್ಯಾಲಿಂದ ಚಿಮ್ಮಿದ ಬೆಳಕೂ ಕಣ್ಣು ಕಳೀಬಹುದು. ಮನ್ಯಾಗ ಮಕ್ಕಳಿದ್ರ ಮುಚ್ಚಳ ಇರೋದನ್ನ, ಮುಚ್ಚಳ ತಗದ್ರ ತಾನ ನಿಲ್ಲೋದನ್ನ ತಗೋರಿ, ಎರಡು ರೊಕ್ಕ ಹೆಚ್ಚಾದ್ರೂ ಅಡ್ಡಿಯಿಲ್ಲ. ನೀಲಿ ಲೇಸರಿನ ಕನ್ನಡಕ ಫೈಬರಿಗೆ ನಡಿಯಂಗಿಲ್ಲ, ಕನ್ನಡಕದ ಮ್ಯಾಲೆ ಬರದ ನ್ಯಾನೋಮೀಟರ್ ಓದ್ರಿ. ಹೊಗಿ ಕಿಟಕಿ ಹೊರಗ ಹೋಗಬೇಕು. ರೆಕ್ಸಿನ್ ಕೀಚೈನ್ ಅಂತ ತರ್ತಾರಲ್ಲ, ಅದು ಬಹಳ ಸಲ ಪಿವಿಸಿ, ಅಂದ್ರ ಕ್ಲೋರಿನ್ ಇರೋ ಪ್ಲಾಸ್ಟಿಕ್, ಸುಟ್ರ ಆಸಿಡ್ ಹೊಗಿ, ನಿಮ್ಮ ಎದೀನೂ ಹೋತು ಮಷೀನಿನ ಕಬ್ಬಿಣಾನೂ ಜಂಗು ಹಿಡೀತು. ಅನುಮಾನ ಬಂದ್ರ ತಾಮ್ರದ ತಂತಿ ಕೆಂಪಗ ಕಾಸಿ ಆ ತುಂಡಿಗೆ ಮುಟ್ಟಿಸಿ ಮತ್ತ ಉರಿಗೆ ಹಿಡೀರಿ, ಉರಿ ಹಸರಾದ್ರ ಅದರಾಗ ಕ್ಲೋರಿನ್ ಐತಿ, ವಾಪಸ್ ಕೊಡ್ರಿ. ಮಷೀನ್ ಓಡೋವಾಗ ಚಾ ಕುಡಿಯಾಕ ಹೋಗಬ್ಯಾಡ್ರಿ. ಮತ್ತ ಕರೆಂಟ್ ನಂಬಬ್ಯಾಡ್ರಿ, ಅರ್ಧ ಹೆಸರಿಗೆ ಲೈಟ್ ಹೋದ್ರ ಆ ಪೆನ್ ಹೋದಂಗ, ಸಣ್ಣ ಡಯೋಡ್ ಮಷೀನಿಗೆ ಕಂಪ್ಯೂಟರಿನ ಯುಪಿಎಸ್ ಸಾಕು.

ಹಂಗಾದ್ರ ಯಾವುದು ತಗೋಬೇಕು? ಬಿದಿರು ಪೆನ್, ಕಟಿಗಿ ಕೀಚೈನ್, ಪೇಂಟ್ ಪೆನ್ ಮಾಡೋರು ಮುಚ್ಚಳ ಇರೋ 5 ಇಲ್ಲಾ 10 ವಾಟಿನ ನೀಲಿ ತಗೋರಿ. ಸ್ಟೀಲ್, ಕ್ರೋಮ್ ಬೇಕು, ದಿನಾ ನೂರು ಪೆನ್ ಆರ್ಡರ್ ಐತಿ ಅಂದ್ರ 20 ವಾಟಿನ ಫೈಬರ್, ಅದರಾಗ ಕನ್ನಡಿ ಕುಣದು ಬರೆಯೋದ್ರಿಂದ ಒಂದು ಹೆಸರು ಹತ್ತು ಸೆಕೆಂಡಿನ ಒಳಗ ಮುಗೀತೈತಿ, ನನ್ನ ಹಳೇ ಡಯೋಡ್ ಅದಕ್ಕ ಎರಡು ಮೂರು ನಿಮಿಷ ತಗೋತಿತ್ತು. ಆದ್ರ ಲಕ್ಷದ ಮಾತು ಅದು, ಆರ್ಡರ್ ಮೊದಲ ಇರ್ಲಿ. 10 ವಾಟ್ ನೀಲಿ, ಫೈಬರಿನಂಗ ಕಣ್ಣಿಗೆ ಕಾಣದ 2 ವಾಟ್ ಇನ್‌ಫ್ರಾರೆಡ್ ಎರಡೂ ಒಂದ ಡಬ್ಬಿಯಾಗ ಇರೋವು ಬಂದಾವ, ಎಕ್ಸ್‌ಟೂಲ್ ಎಫ್1 ಅಂಥಾವು, ಎರಡೂ ನಮೂನಿ ಪೆನ್ ಸ್ವಲ್ಪ ಸ್ವಲ್ಪ ಮಾಡೋರಿಗೆ ಅಡ್ಡಿಯಿಲ್ಲ, ಲೋಹದಾಗ ಆಳಕ್ಕ ಕೊರಿಯಾಕ ಮಾತ್ರ ಆಗಂಗಿಲ್ಲ. ಯಾವುದ ಇರ್ಲಿ, ತಗೊಳ್ಳೋಕಿಂತ ಮೊದಲ ನಿಮ್ಮ ಪೆನ್ ನಾಕು ತಗೊಂಡು ಆ ಮಷೀನ್ ಇದ್ದೋರ ಕಡೆ ಹೋಗಿ ಎದುರಿಗೆ ಕುಂತು ಬರಸ್ರಿ.

ಹಾವೇರಿ ಹುಡುಗ ಮಷೀನ್ ಮಾರಲಿಲ್ಲ. ಬಿದಿರು ಪೆನ್ ಅವನ ಮಾಡ್ತಾನ, ಸ್ಟೀಲ್ ಆರ್ಡರ್ ಬಂದ್ರ ನನ್ನ ಕಡೆ ಬಸ್ಸಿಗೆ ಹಾಕ್ತಾನ. ಹೋದ ವಾರ 60 ಪೆನ್ ಬಂದಿದ್ವು, ಪ್ರತಿ ಪೆನ್ನಿಗೂ ಒಂದು ಕಾಗದದ ಪಟ್ಟಿ ಅಂಟಿಸಿ, ಕೆಂಪು ಸ್ಕೆಚ್ ಪೆನ್ನಿಲೆ ಬಾಣ ಹಾಕಿ, "ನಿಬ್ ಈ ಕಡೆ ಕಾಕಾ" ಅಂತ ಬರದಿದ್ದ.